ಮಾರಿ ಮ್ಯಾಲಿನ ಎಳ್ಳು

ಹೋಯಿತು ನೋಡ್ರಿ ಮತ್ತೆ, ಬೆರಳು. ಬೇಳೆ ಆರಿಸುತ್ತ ಕೂತಿದ್ದೆ. ಬಲಗೈಯ ನಡುಬೆರಳು ನನ್ನನ್ನು ಒಂದು ಮಾತು ಕೇಳದೆ ಎದ್ದು, ಹುಬ್ಬಿಗೂ ಕಿವಿಗೂ ನಡುವಿನ ಮೆತ್ತನೆ ಜಾಗಕ್ಕೆ ಹೋಗಿ, ಏನನ್ನೋ ತಡಕಿ, ಸಿಗದೆ ವಾಪಸು ಬಂತು. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುತ್ತದಲ್ಲ, ಹಾಗೆ. ಅಲ್ಲಿ ಈಗ ಏನೂ ಇಲ್ಲ. ಏನೂ ಇಲ್ಲ ಅನ್ನುವ ಮಾತು ಇಷ್ಟು ಸಿಹಿ ಇರುತ್ತದೆ ಅಂತ ಈ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ ಅಂತ ಬೇಳೆ ಬದಿಗಿಟ್ಟು ಬರೆಯಲಿಕ್ಕೆ ಕೂತಿದ್ದೇನೆ. ಸಾರು ತಡವಾದರೆ ಆಗಲಿ. ನಮ್ಮವರು ಹಿಟ್ಟಿನ ಗಿರಣಿಯಿಂದ ಉಣ್ಣಲಿಕ್ಕೆ ಬರಲು ಇನ್ನೂ ಹೊತ್ತಿದೆ.

ಅಲ್ಲಿ ಇದ್ದದ್ದು ಒಂದು ಎಳ್ಳು. ತಿನ್ನುವ ಎಳ್ಳಲ್ಲ. ಚರ್ಮದ ಮೇಲೆ ಕಪ್ಪಗೆ ಎದ್ದು, ಮುಟ್ಟಿದರೆ ಬೆರಳಿಗೆ ತರಿತರಿಯಾಗಿ ಹತ್ತುವಂಥದು. ನಮ್ಮ ಅಕ್ಕಲಕೋಟದಲ್ಲಿ ಮೈಮೇಲೆ ಇಂಥದು ಏನೇ ಎದ್ದರೂ ಮರಾಠಿಯವರು ಚಾಮಖೀಳ ಅನ್ನುತ್ತಾರೆ, ಕನ್ನಡದವರು ನರೂಲಿ ಅನ್ನುತ್ತಾರೆ. ಎರಡೂ ಭಾಷೆ ಕಲಸಿ ಉಣ್ಣುವ ನಾವು ಎದುರಿಗೆ ಯಾರಿದ್ದಾರೆ ನೋಡಿ ಅನ್ನುತ್ತೇವೆ. ಆದರೆ ನಮ್ಮ ಮನೆಯಲ್ಲಿ ಮಾತ್ರ ಇದಕ್ಕೆ ಎಳ್ಳು ಅಂತಲೇ ಹೆಸರು. ಹೆಸರಿಟ್ಟವರು ನಮ್ಮ ಅತ್ತೆ.

ನೀವು ನಮ್ಮ ಅತ್ತೆಯನ್ನು ನೋಡಬೇಕು. ಸಂಕ್ರಾಂತಿಗೆ ಎಳ್ಳು ಹಚ್ಚಿ ಬಡಿದ ಸಜ್ಜಿ ರೊಟ್ಟಿ ನೋಡಿದ್ದೀರಲ್ಲ, ಅದೇ ಅವರ ಮುಖ. ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಕುತ್ತಿಗೆಯವರೆಗೂ ಕಪ್ಪು ಕಾಳು. ಯಾರೋ ಕೈತುಂಬ ತೆಗೆದುಕೊಂಡು ಪ್ರೀತಿಯಿಂದ ಎರಚಿದ ಹಾಗೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನೇ ನೋಡುತ್ತ ನಿಂತಿದ್ದೆನಂತೆ. ಅತ್ತೆ ಕರೆದು ಪಕ್ಕಕ್ಕೆ ಕೂಡಿಸಿಕೊಂಡರು.

"ಏನ ನೋಡಾಕತ್ತೀ ಸುಶೀಲಾ? ಈ ಮನಿಗಿ ನಡದ ಬಂದ ಸೊಸಿಗೆಲ್ಲಾ ನಮ್ಮ ಬೀರಪ್ಪ ಎಳ್ಳ ಇಡತಾನ. ನಮ್ಮತ್ತಿಗೂ ಇದ್ದೂ. ನನಗೂ ಅದಾವ. ನಿನಗೂ ಬರತಾವ, ಅಂಜಬ್ಯಾಡ."

ಹೊಸ ಸೊಸೆಗೆ ಹೇಳುವ ಧೈರ್ಯದ ಮಾತೇ ಇದು? ಆವತ್ತಿನಿಂದ ನಾನು ಕದ್ದು ಕದ್ದು ಕಡಲೆಹಿಟ್ಟು ಹಚ್ಚಿ ಮುಖ ತೊಳೆದದ್ದೇ ತೊಳೆದದ್ದು. ಬಹಳ ವರ್ಷ ಏನೂ ಬರಲಿಲ್ಲ. ದೇವರು ನನ್ನನ್ನು ಮರೆತಿದ್ದಾನೆ ಅಂತ ಒಳಗೊಳಗೇ ಖುಷಿಪಟ್ಟೆ. ಮಗ ದೊಡ್ಡವನಾಗಿ, ನನ್ನ ತಲೆ ಅಲ್ಲಲ್ಲಿ ಬೆಳ್ಳಗಾಗುವ ಹೊತ್ತಿಗೆ ಎಡಗೆನ್ನೆಯ ಮೇಲೆ ಒಂದು ಕಾಣಿಸಿತು. ಅತ್ತೆಗೆ ತೋರಿಸಿದೆ. ಅವರು ಬೆರಳಿನಿಂದ ಸವರಿ ನೋಡಿ, ಎದ್ದು ಹೋಗಿ, ಡಬ್ಬಿ ತಂದು ಓಣಿಗೆಲ್ಲ ಸಕ್ಕರೆ ಹಂಚಿದರು. ಯಾಕೆ ಸಕ್ಕರೆ ಅಂತ ಕೇಳಿದವರಿಗೆಲ್ಲ "ನಮ್ಮ ಸೊಸಿ ಈಗ ಪಕ್ಕಾ ನಮ್ಮಕಿ ಆದಳು" ಅಂತ ಉತ್ತರ.

ಈ ಎಳ್ಳಿನಿಂದ ಒಂದು ಉಪಕಾರವಂತೂ ಆಗಿದೆ. ನಮ್ಮ ಮನೆಯಲ್ಲಿ ಮಕ್ಕಳು ಎಣಿಕೆ ಕಲಿತದ್ದು ಪಾಟಿಯ ಮೇಲಲ್ಲ, ಅಜ್ಜಿಯ ಮುಖದ ಮೇಲೆ. ನನ್ನ ಮಗ ಅತ್ತೆಯ ತೊಡೆಯ ಮೇಲೆ ಕೂತು, ಒಂದೊಂದೇ ಕಾಳಿಗೆ ಬೆರಳಿಟ್ಟು ಒಂದು, ಎರಡು ಅಂತ ಕಲಿತ. ತಪ್ಪಿದರೆ ಮತ್ತೆ ಕಿವಿಯ ಹತ್ತಿರದಿಂದ ಶುರು. ಆಮೇಲೆ ನನಗೂ ಒಂದರ ಹಿಂದೆ ಒಂದು ಕಾಳು ಎದ್ದವು, ಈಗ ಆತನ ಮಗಳು ಸ್ವರಾ ನನ್ನ ಮುಖದ ಮೇಲೆ ಕಲಿಯುತ್ತಾಳೆ. ಇನ್ನೂ ಶಾಲೆಗೆ ಸೇರಿಲ್ಲ. ಆಕೆಯ ತಾಯಿ, ನಮ್ಮ ಸೊಸೆ ಅಶ್ವಿನಿ, ಬಾರ್ಶಿ ಕಡೆಯವಳು, ಮರಾಠಿ ಮನೆಮಾತು. ತಾಯಿಯ ಹತ್ತಿರ ಏಕ, ದೋನ, ತೀನ ಎಂದೋ ಮುಗಿದಿದೆ. ಕನ್ನಡದ ಎಣಿಕೆ ಮಾತ್ರ ನನ್ನ ಪಾಲಿಗೆ ಬಂದ ಕೆಲಸ. ನಮ್ಮ ಮನೆಯಲ್ಲಿ ಕನ್ನಡ ಇರುವುದೇ ಅತ್ತೆಯ ಬೈಗುಳದಲ್ಲಿ ಮತ್ತು ನನ್ನ ಮುಖದ ಮೇಲೆ ಅಂತ ಮಗ ನಗುತ್ತಾನೆ.

ಎಳ್ಳಿನ ಮಾತು ಬಂದರೆ ನನಗೆ ಕುದುರೆ ನೆನಪಾಗುತ್ತದೆ. ನಗಬೇಡಿ, ಸಂಬಂಧ ಇದೆ.

ನಾನು ಹುಟ್ಟಿದ್ದು ಭಂಡಾರಕವಠೆಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಅಪ್ಪ ಹಿಂಡು ಹೊಡೆದುಕೊಂಡು ಮೇವಿದ್ದ ಕಡೆ ಹೋಗುವಾಗ ಕಂಬಳಿ, ಪಾತ್ರೆ, ನಡೆಯಲಾರದ ಎಳೇ ಮರಿ ಎಲ್ಲ ಹೊರಲಿಕ್ಕೆ ಒಂದು ಕುದುರೆ ಇತ್ತು, ಚಂಪಿ ಅಂತ. ಮಳೆಗಾಲದಲ್ಲಿ ಚಂಪಿ ಮನೆಯ ಮುಂದೆ ಕಟ್ಟಿರುತ್ತಿತ್ತು. ನಮ್ಮೂರಲ್ಲಿ ಕುತ್ತಿಗೆಗೋ ಕಂಕುಳಿಗೋ ಜೋತುಬಿದ್ದ ನರೂಲಿಗೆ ಒಂದೇ ಔಷಧ: ಕುದುರೆ ಬಾಲದ ಕೂದಲು ಬಿಗಿದು ಕಟ್ಟುವುದು. ಊರಲ್ಲಿ ಆಗ ಕುದುರೆ ಅಂದರೆ ನಮ್ಮ ಚಂಪಿ ಒಂದೇ. ಹೀಗಾಗಿ ಮುಂಜಾನೆ ಎದ್ದರೆ ಬಾಗಿಲಿಗೆ ಯಾರಾದರೂ ಒಬ್ಬ ಹೆಂಗಸು. "ಒಂದ ಕೂದಲ ಕೊಡ ಯವ್ವಾ." ಅವ್ವ ಇಲ್ಲ ಅನ್ನುವವಳಲ್ಲ. ಒಂದು ಕೇಳಿದವರಿಗೆ ಎರಡು ಕಿತ್ತು ಕೊಡುತ್ತಿದ್ದಳು, ಕಟ್ಟುವಾಗ ಹರಿದರೆ ಇರಲಿ ಅಂತ. ಒಂದು ಸಲ ಅಪ್ಪ ಹಿಂಡು ಬಿಟ್ಟು ಮನೆಗೆ ಬಂದು, ಚಂಪಿಯ ಹಿಂದೆ ಸುಮ್ಮನೆ ನಿಂತ. ಬಾಲ ಹಳೇ ಕಸಬರಿಗೆಯಂತಾಗಿತ್ತು.

"ಈ ಊರಾಗ ಇನ್ನೊಬ್ಬರಿಗೆ ನರೂಲಿ ಎದ್ರ, ನಮ್ಮ ಕುದುರಿಗೆ ನೊಣಾ ಹೊಡಕೊಳ್ಳಾಕ ನಾನ ಬಾಲ ಆಗಬೇಕಾಗ್ತೈತಿ" ಅಂದ.

ನನ್ನ ಕುತ್ತಿಗೆಗೂ ಒಂದು ಜೋತುಬಿದ್ದಿತ್ತು. ಅವ್ವ ಕಟ್ಟಿದಳು. ಅದು ನೆನೆದ ಜೋಳದ ಕಾಳಿನಂತೆ ಊದಿ, ಕೆಂಪಾಗಿ, ಕೀವು ತುಂಬಿ, ಕೊನೆಗೆ ಬಿತ್ತು. ಜೊತೆಗೆ ಜ್ವರ ಬಂತು. ಜ್ವರ ಬಂದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಬಿದ್ದದ್ದನ್ನು ಮಾತ್ರ ಊರೆಲ್ಲ ಹೇಳಿಕೊಂಡು ಬಂದರು. ಔಷಧಗಳ ಹೆಸರು ಬೆಳೆಯುವುದು ಹೀಗೇ ಇರಬೇಕು. ಕುದುರೆ ಕೂದಲು ಜೋತುಬಿದ್ದದ್ದಕ್ಕೇನೋ ಆಯಿತು, ರೊಟ್ಟಿಯ ಮೇಲಿನ ಎಳ್ಳಿನ ಹಾಗೆ ಅಂಟಿ ಕೂತದ್ದಕ್ಕೆ ಎಲ್ಲಿಂದ ಕಟ್ಟುವುದು? ಅದಕ್ಕೆ ಮಂದ್ರೂಪದ ನಮ್ಮ ಸೋದರತ್ತೆ ಬೇರೆ ಔಷಧ ಹುಡುಕಿದಳು. ಎಲೆಗೆ ಹಚ್ಚುವ ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಕಲಸಿ, ಕಡ್ಡಿಯಿಂದ ಕೆನ್ನೆಯ ಮೇಲಿನ ಕಾಳಿಗೆ ಇಟ್ಟಳು. ಕಾಳೂ ಹೋಯಿತು, ಸುತ್ತಲಿನ ಚರ್ಮವೂ ಹೋಯಿತು. ಗಾಯ ಮಾಯ್ದ ಮೇಲೆ ಅಲ್ಲಿ ಬೆಳ್ಳನೆಯ ಕಲೆ ಉಳಿಯಿತು. "ಕರೇದ ಕೊಟ್ಟ ಬೆಳ್ಳಂದ ತಗೊಂಡೆ, ಏನ ಲಾಭಾನೋ" ಅಂತ ಸಾಯುವತನಕ ತಾನೇ ನಗುತ್ತಿದ್ದಳು. ಆದರೆ ಫೋಟೋ ತೆಗೆಯುವಾಗ ಆ ಕೆನ್ನೆ ಮಾತ್ರ ತಿರುಗಿಸುತ್ತಿರಲಿಲ್ಲ.

ಇಷ್ಟೆಲ್ಲ ಕಂಡವಳು ನಾನು. ಆದ್ದರಿಂದ ನನ್ನ ಎಳ್ಳಿನ ತಂಟೆಗೆ ನಾನು ಹೋಗಿರಲಿಲ್ಲ. ಕೆನ್ನೆಯ ಮೇಲಿನವು ತಮ್ಮ ಪಾಡಿಗೆ ಇದ್ದವು. ಹಟ ಮಾಡಿದ್ದು ಕಣ್ಣಿನ ಪಕ್ಕದ್ದು ಒಂದೇ. ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ತರಕಲು. ಚಾಳೀಸಿನ ಕನ್ನಡಕ ಬಂದ ಮೇಲೆ ಅದರ ದಾಂಡಿ ಸರಿಯಾಗಿ ಅದರ ಮೇಲೇ ಕೂತು ಉಜ್ಜುತ್ತಿತ್ತು.

ಈಗ ಭಂಡಾರದ ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಭಂಡಾರ ಅಂದರೆ ಅರಿಷಿಣ ಪುಡಿ, ಆದರೆ ನಮಗೆ ಅದು ಅರಿಷಿಣವಲ್ಲ. ದೇವರ ಮುಂದೆ ಇಟ್ಟ ಮೇಲೆ ಅದು ದೇವರದು. ನಮ್ಮ ಡಬ್ಬಿಯ ಭಂಡಾರ ಹುಲಜಂತಿಯ ಜಾತ್ರೆಯಿಂದ ಬಂದದ್ದು. ಸ್ನಾನವಾದ ಮೇಲೆ, ಒಲೆ ಹಚ್ಚುವ ಮೊದಲು, ಚಿಟಿಕೆ ತೆಗೆದು ಹಣೆಗೆ ಹಚ್ಚಬೇಕು. ಚಿಟಿಕೆ ಅನ್ನುವುದು ನನ್ನ ಮಾತು. ಅತ್ತೆಯ ಲೆಕ್ಕ ಬೇರೆ. "ಭಂಡಾರ ಹಚ್ಚೂದಂದ್ರ ಉಪ್ಪಿನಕಾಯಿ ನೆಕ್ಕಿದಂಗ ಅಲ್ಲ" ಅನ್ನುತ್ತಾರೆ. ಹೀಗಾಗಿ ಈ ಕಿವಿಯಿಂದ ಆ ಕಿವಿಯವರೆಗೆ ಹಣೆ ತುಂಬ ಎಳೆಯುವುದು ರೂಢಿ. ಮಧ್ಯಾಹ್ನ ನಮ್ಮವರು ಗಿರಣಿಯಿಂದ ಹುಬ್ಬು ಮೀಸೆಯೆಲ್ಲ ಬೆಳ್ಳಗೆ ಮಾಡಿಕೊಂಡು ಬಂದು ನನ್ನ ಎದುರು ಊಟಕ್ಕೆ ಕೂತರೆ, "ನಾ ಗೋದಿ ಹಿಟ್ಟ, ನೀ ಕಡ್ಲಿ ಹಿಟ್ಟ" ಅನ್ನುತ್ತಾರೆ. ಮದುವೆಯಾದಾಗಿನಿಂದ ಇದೇ ಒಂದು ಜೋಕು. ನನಗೆ ಇನ್ನೂ ನಗು ಬರುತ್ತದೆ.

ಹೀಗಿರುವಾಗ ಒಂದು ಮಧ್ಯಾಹ್ನ ಅಶ್ವಿನಿ ಮೊಬೈಲು ನೋಡುತ್ತ ಕೂತಿದ್ದಳು. ನಾನು ಶೇಂಗಾ ಸುಲಿಯುತ್ತಿದ್ದೆ.

"ಆಯಿ, ಐಕಾ," ಅಂದಳು. ನನಗೆ ಆಕೆ ಆಯಿ ಅಂತಲೇ ಕರೆಯುವುದು. "ಇಲ್ಲಿ ಬರದಾರ ನೋಡ್ರಿ. ಮೈ ಮ್ಯಾಲಿನ ತೀಳ, ಅಂದ್ರ ಮಚ್ಚಿ, ರಂಗ ಬದಲಿ ಮಾಡಿದ್ರ, ಒಂದರಾಗ ಎರಡ ಮೂರ ರಂಗ ಕಂಡ್ರ, ಲಗೇಚ ಡಾಕ್ಟರಿಗೆ ತೋರಸಬೇಕಂತ. ಕ್ಯಾನ್ಸರ ಇರಬಹುದಂತ."

ಆಕೆ ಓದಿ ಮುಂದಿನದಕ್ಕೆ ಹೋದಳು. ನಾನು ಸುಲಿದ ಬೀಜ ಬಿಟ್ಟು ಸಿಪ್ಪೆಯನ್ನು ಬುಟ್ಟಿಗೆ ಹಾಕತೊಡಗಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ, ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದು, ಕಣ್ಣಿನ ಪಕ್ಕದ್ದನ್ನು ನೋಡಿದೆ. ನಡುವೆ ಕಪ್ಪು. ಸುತ್ತ ಕಂದು. ಬಿರುಕುಬಿರುಕಿನಲ್ಲಿ, ಅಂಚಿನಲ್ಲಿ, ಹಳದಿ.

ಭಂಡಾರ ಇರಬೇಕು ಅಂತ ನನಗೂ ಹೊಳೆಯಿತು, ಅಷ್ಟು ದಡ್ಡಿಯಲ್ಲ. ಸಾಬೂನು ಹಚ್ಚಿ ತೊಳೆದೆ. ಹಣೆಯದು ಹೋಯಿತು. ಅಲ್ಲಿಯದು ಹೋಗಲಿಲ್ಲ. ಮತ್ತೆ ತೊಳೆದೆ. ಹೋಗಲಿಲ್ಲ. ಭಂಡಾರವಾಗಿದ್ದರೆ ಹೋಗಬೇಕಿತ್ತು. ಹೋಗಲಿಲ್ಲ ಅಂದ ಮೇಲೆ ಅದು ಒಳಗಿನಿಂದ ಬಂದ ಬಣ್ಣ. ಹೀಗೆ ನನ್ನ ರೋಗವನ್ನು ನಾನೇ ಕಂಡುಹಿಡಿದು, ನಾನೇ ಪಕ್ಕಾ ಮಾಡಿಕೊಂಡೆ.

ಯಾರಿಗೂ ಹೇಳಲಿಲ್ಲ. ಹೇಳಿ ಏನು ಮಾಡಲಿ? ಅತ್ತೆಗೆ ಎದ್ದರೆ ಕೂತರೆ ನನ್ನ ಕೈ ಬೇಕು, ಅವರಿಗಿಂತ ಮೊದಲು ನಾನು ಹೋದರೆ ಅವರ ತಲೆ ಬಾಚುವವರು ಯಾರು? ಇನ್ನೊಂದು ಯೋಚನೆ ಅದಕ್ಕಿಂತ ಹೆಚ್ಚು ಕಾಡಿತು. ಸ್ವರಾಳ ಕನ್ನಡದ ಎಣಿಕೆ ಆಗ ಇಪ್ಪತ್ತೊಂಬತ್ತಕ್ಕೆ ಬಂದಿತ್ತು. ನಾನು ಹೋದರೆ ಅದು ಅಲ್ಲಿಗೇ ನಿಲ್ಲುತ್ತದೆ. ದೊಡ್ಡವಳಾದ ಮೇಲೆ, ಕನ್ನಡ ಬರುತ್ತದೆಯೇ ಅಂತ ಯಾರಾದರೂ ಕೇಳಿದರೆ, ಇಪ್ಪತ್ತೊಂಬತ್ತರತನಕ ಬರುತ್ತದೆ ಅನ್ನುತ್ತಾಳೆ.

ದೇವರ ಮುಂದೆ ಕೂತೆ. ನಾನು ದೊಡ್ಡದನ್ನು ಬೇಡುವವಳಲ್ಲ. ದಿನಾ ಸಂಜೆ ದೀಪ ಹಚ್ಚುವಾಗ ಆವತ್ತು ಸಿಕ್ಕದ್ದನ್ನು ಹೇಳಿ ಕೈ ಮುಗಿಯುವುದು ನನ್ನ ರೂಢಿ: ನಳಕ್ಕೆ ನೀರು ಬಂತು, ಹಾಲು ಉಕ್ಕಲಿಲ್ಲ, ಅತ್ತೆ ಎರಡು ರೊಟ್ಟಿ ಉಂಡರು, ಇಂಥದು. ಆವತ್ತು ಮಾತ್ರ ಬೇಡಿಕೊಂಡೆ. "ಬೀರಪ್ಪಾ, ಆ ಹುಡುಗಿ ನೂರತನಕ ಎಣಸೂದ ಕಲಿಯೂವರಿಗೆ ನನ್ನ ಇಡಪಾ. ಆಮ್ಯಾಲ ನಿನ್ನ ಮನಸು."

ಬೇಡಿಕೊಂಡು ಎದ್ದೆ. ಹೊರಗೆ ಸ್ವರಾ ಕಾಯುತ್ತಿದ್ದಳು. ತೊಡೆಯೇರಿ ಕೂತು, ಕೆನ್ನೆಯ ಮೇಲೆ ಬೆರಳಿಟ್ಟು ಕೇಳಿದಳು.

"ಅಜ್ಜಿ, ಇಪ್ಪತ್ತೊಂಬತ್ತ ಆದ ಮ್ಯಾಲ ಏನ?"

ನನ್ನ ಬಾಯಿಂದ ಮೂವತ್ತು ಹೊರಡಲಿಲ್ಲ. ಈಗ ತಾನೇ ದೇವರ ಜೊತೆ ಕರಾರು ಮಾಡಿಕೊಂಡು ಬಂದವಳು. ಹೇಳಿದರೆ ನೂರಕ್ಕೆ ಒಂದು ಹೆಜ್ಜೆ ಹತ್ತಿರ.

"ನಾಳಿ ಹೇಳ್ತೀನಿ" ಅಂದೆ. ನಾಳೆಯೂ ನಾಳೆ ಅಂದೆ. ಪಾಪ, ಮಗು ಇಪ್ಪತ್ತೊಂಬತ್ತಕ್ಕೆ ಬಂದು ಬಂದು ನಿಂತು, ನನ್ನ ಮುಖ ನೋಡಿ, ಮತ್ತೆ ಒಂದಕ್ಕೆ ಹೋಗುತ್ತಿತ್ತು.

ಎಳ್ಳು ಯಾರ ಕಣ್ಣಿಗೂ ಬೀಳಬಾರದು ಅಂತ ಭಂಡಾರ ಇನ್ನಷ್ಟು ಹಚ್ಚತೊಡಗಿದೆ. ಹಣೆಯಿಂದ ಕಣ್ಣಿನ ಪಕ್ಕಕ್ಕೆ, ಅಲ್ಲಿಂದ ಕೆನ್ನೆಗೆ. ಬೆರಳಿನಿಂದ ಅದರ ಮೇಲೆ ಒತ್ತಿ ಒತ್ತಿ ಮುಚ್ಚುತ್ತಿದ್ದೆ. ಸಂಜೆ ತೊಳೆದು ನೋಡಿದರೆ ಹಳದಿ ನಿನ್ನೆಗಿಂತ ಹೆಚ್ಚು. ಹೆಚ್ಚಾಯಿತಲ್ಲ ಅಂತ ಗಾಬರಿಯಾಗಿ ಮರುದಿನ ಇನ್ನೂ ದಪ್ಪ ಹಚ್ಚುತ್ತಿದ್ದೆ. ಅತ್ತೆ ಬಹಳ ಸಂತೋಷಪಟ್ಟರು. "ಈಗ ನೋಡ, ಭಕ್ತಿ ಬಂತ ನಿನಗ" ಅಂದರು.

ಹಿಡಿದುಕೊಟ್ಟವಳು ಸ್ವರಾ. ಒಂದು ಸಂಜೆ ಮುಖ ತೊಳೆದು ಕೂತಿದ್ದೆ. ಎಣಿಕೆ ಮುಂದೆ ಹೋಗದೆ ಬೇಸತ್ತಿದ್ದಳೋ ಏನೋ, ಸಂಖ್ಯೆ ಬಿಟ್ಟು ಬಣ್ಣಕ್ಕೆ ಇಳಿದಳು.

"ಕಾಳಾ, ಕಾಳಾ, ಕಾಳಾ," ಅಂತ ಕೆನ್ನೆಯ ಮೇಲಿನವನ್ನು ಮುಟ್ಟುತ್ತ ಬಂದು, ಕಣ್ಣಿನ ಪಕ್ಕಕ್ಕೆ ನಿಂತಳು. "ಪಿವಳಾ." ಹಳದಿ ಅಂತ.

ಅಶ್ವಿನಿ ಬಟ್ಟೆ ಮಡಿಚುತ್ತಿದ್ದವಳು ತಿರುಗಿ ನೋಡಿದಳು. ಹತ್ತಿರ ಬಂದು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಸೊಸೆ ಅತ್ತೆಯ ಗದ್ದ ಹಿಡಿಯುವುದು ನಮ್ಮಲ್ಲಿ ಇಲ್ಲ. ಆಕೆಗೂ ನೆನಪಿರಲಿಲ್ಲ, ನನಗೂ ಇರಲಿಲ್ಲ.

"ಆಯಿ, ಇದು ಯಾವಾಗಿಂದ?"

"ನೀ ಮೊಬೈಲನ್ಯಾಗ ಓದಿದ ದಿನದಿಂದ."

"ಅವತ್ತಿನಿಂದ ಸುಮ್ಮನ ಕುಂತೀರಿ? ಭಾಜಿಗೆ ಉಪ್ಪ ಕಮ್ಮಿ ಆದ್ರ ಇಡೀ ಓಣಿಗೆ ಹೇಳತೀರಿ, ಇದನ್ನ ಹೇಳಾಕ ಆಗಲಿಲ್ಲೇನ್ರಿ?"

ಬೈದು, ಒಳಗೆ ಹೋಗಿ ಅತ್ತಳು. ಮರುದಿನ ನಮ್ಮವರು ಗಿರಣಿಗೆ ಕೀಲಿ ಹಾಕಿದರು. ಹಬ್ಬಕ್ಕೂ ಮುಚ್ಚದ ಗಿರಣಿ. ಸ್ವರಾಳನ್ನೂ ನಮ್ಮ ತಾಯಿಯನ್ನೂ ನೋಡಿಕೊಂಡು ಮನೆಯಲ್ಲಿ ಇರುತ್ತೇನೆ, ನೀವಿಬ್ಬರೂ ಹೋಗಿ ಬರ್ರಿ ಅಂದರು ಅಷ್ಟೇ. ಹಿಟ್ಟಿಲ್ಲದ ಅವರ ಮುಖ ನೋಡಿ ನನಗೆ ನಿಜವಾಗಿ ಅಂಜಿಕೆಯಾಯಿತು. ಹೊರಡುವಾಗ ಅತ್ತೆ ತಾವೇ ಡಬ್ಬಿ ತೆಗೆಸಿ, ನನ್ನ ಮುಖದ ತುಂಬ ಭಂಡಾರ ಹಚ್ಚಿದರು. ಜಾಗ ಬಿಡದೆ. "ಇದರ ಮುಂದ ಯಾವ ರೋಗ ನಿಂದರತೈತಿ ನೋಡೂಣು" ಅಂದರು.

ಹೀಗೆ ನಾನು ಅಕ್ಕಲಕೋಟದಿಂದ ಸೊಲ್ಲಾಪುರದವರೆಗೆ ಬಸ್ಸಿನಲ್ಲಿ ಹಳದಿ ಮುಖ ಹೊತ್ತುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋದೆ. ಚರ್ಮ ತೋರಿಸಲಿಕ್ಕೆ ಹೋಗುವವರು ಚರ್ಮ ಕಾಣದ ಹಾಗೆ ಹೋಗುತ್ತಾರೆಯೇ ಅಂತ ಈಗ ನೀವು ಕೇಳುತ್ತೀರಿ. ಆಗ ನಮಗಿಬ್ಬರಿಗೂ ಹೊಳೆಯಲಿಲ್ಲ. ಹೆಸರು ಬರೆದುಕೊಳ್ಳುವ ಹುಡುಗಿ ತಲೆಯೆತ್ತಿ ನನ್ನನ್ನು ನೋಡಿ, ಅಶ್ವಿನಿಯ ಕಡೆ ಬಾಗಿ ಮೆಲ್ಲಗೆ, "ಕಾಮಾಲೆ ತೋರಸೂದಿದ್ರ ಬಾಜೂ ದವಾಖಾನಿ ರಿ" ಅಂದಳು.

ಡಾಕ್ಟರು ನಡುವಯಸ್ಸಿನ ಹೆಂಗಸು. ಅವರ ಅಜ್ಜಿ ಇಂಡಿ ಕಡೆಯವರಂತೆ, ಕನ್ನಡ ಬರುತ್ತಿತ್ತು. "ಕೂಡ್ರಿ ಮಾವಶಿ" ಅಂದು, ದೀಪವಿರುವ ಭೂತಗನ್ನಡಿಯಂಥದನ್ನು ಕಣ್ಣಿನ ಪಕ್ಕಕ್ಕೆ ಹಿಡಿದರು. ನೋಡಿದರು. ಮತ್ತೆ ನೋಡಿದರು. ಅಶ್ವಿನಿ ನನ್ನ ಕೈ ಹಿಡಿದಿದ್ದಳು, ಬಳೆ ಒತ್ತಿ ನೋಯುತ್ತಿತ್ತು.

"ಮುಖಕ್ಕ ಏನ ಹಚ್ಚತೀರಿ?"

"ಏನೂ ಇಲ್ರಿ ಬಾಯಿ. ಕ್ರೀಮ ಗೀಮ ನಮಗ ಗೊತ್ತಿಲ್ಲ."

"ಏನೂ ಇಲ್ಲ?"

"ಏನೂ ಇಲ್ರಿ."

ಅಶ್ವಿನಿ ಮೊಣಕೈಯಿಂದ ತಿವಿದಳು. "ಆಯಿ, ಭಂಡಾರ."

"ಅದ ಹಚ್ಚೂದಲ್ಲಲ್ಲ," ಅಂದೆ. "ಅದ ದೇವರದು."

ಡಾಕ್ಟರು ನಗಲಿಲ್ಲ. ಹತ್ತಿಗೆ ಏನೋ ಅದ್ದಿ ಮುಖ ಒರೆಸಿದರು. ಹತ್ತಿ ಹಳದಿ. ಇನ್ನೊಂದು ಹತ್ತಿ, ಅದೂ ಹಳದಿ. ಆಮೇಲೆ ಮೊಂಡು ಮೊನೆಯ ಒಂದು ಸಣ್ಣ ಕಡ್ಡಿಯಿಂದ ಆ ಎಳ್ಳಿನ ಬಿರುಕಿನೊಳಗೆ ಮೆಲ್ಲಗೆ ಕೆದಕಿ, ಏನನ್ನೋ ಬಿಳಿ ಬಟ್ಟೆಯ ಮೇಲೆ ಉದುರಿಸಿ, ನನ್ನ ಮೂಗಿನ ಹತ್ತಿರ ಹಿಡಿದರು.

"ವಾಸ ನೋಡ್ರಿ."

ನೋಡಿದೆ. ನಮ್ಮ ದೇವರ ಮನೆಯ ವಾಸನೆ.

"ಇದಾ ನಿಮ್ಮ ರೋಗ," ಅಂದರು ಡಾಕ್ಟರು. ಆಗ ನಕ್ಕರು. "ಇಂಥ ಕಾಳಿನ ಮ್ಯಾಲ ಸಣ್ಣ ಸಣ್ಣ ಬಿರುಕ ಇರತಾವ. ಹಚ್ಚಿದ ಅರಿಷಿಣ ಒಳಗ ಹೋಗಿ ಗಟ್ಟಿ ಆಗಿ ಕುಂತೈತಿ. ಸಾಬಣಕ್ಕ ಹೋಗೂದಿಲ್ಲ. ಕಾಹೀ ನಾಹೀ ಮಾವಶಿ. ಏನೂ ಇಲ್ಲ."

ನನಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಹೇಳಿಸಿದೆ. ಅವರು ಎರಡೂ ಭಾಷೆಯಲ್ಲಿ ಇನ್ನೊಮ್ಮೆ ಹೇಳಿದರು. ಅಶ್ವಿನಿ ನಗಲಿಕ್ಕೆ ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ನಾನು ನಗುತ್ತಿದ್ದೇನೆ ಅಂದುಕೊಂಡಿದ್ದೆ, ಒರೆಸಿದ ಮುಖ ಮತ್ತೆ ಹಸಿಯಾಗಿತ್ತು.

ಆಮೇಲೆ ಡಾಕ್ಟರು ತಿಳಿಸಿ ಹೇಳಿದರು. ಅದಕ್ಕೊಂದು ಉದ್ದ ಇಂಗ್ಲಿಷ್ ಹೆಸರಿದೆ, ನನ್ನ ಬಾಯಲ್ಲಿ ಹೊರಳಲಿಲ್ಲ. ಇದು ಚರ್ಮದ ಮೇಲ್ಪದರಿನಲ್ಲಿ ಬೆಳೆಯುವಂಥದು, ಬೇರು ಬಿಟ್ಟು ಒಳಗೆ ಇಳಿಯುವುದಿಲ್ಲ, ಮೇಲೆ ಅಂಟಿಸಿದ ಹಾಗೆ ಇರುತ್ತದೆ ಅಂದರು. "ಸಜ್ಜಿ ರೊಟ್ಟಿ ಮ್ಯಾಲಿನ ಎಳ್ಳಿನಂಗ?" ಅಂದೆ. "ಅಗದೀ ಬರೋಬರಿ" ಅಂದರು. ನಮ್ಮಂಥ ಕಂದು ಮೈಬಣ್ಣದವರಿಗೆ ಜಾಸ್ತಿ, ವಯಸ್ಸಾದ ಹಾಗೆ ಹೆಚ್ಚುತ್ತವೆ, ಮುಟ್ಟಿದರೆ ಹರಡುವುದಿಲ್ಲ, ಕ್ಯಾನ್ಸರ್ ಆಗುವುದಿಲ್ಲ. ಹಾಗೇ ಬಿಟ್ಟರೂ ನಡೆಯುತ್ತದೆ. ಮುಲಾಮಿನಿಂದ ಹೋಗುವುದಿಲ್ಲ, ಅಂಗಡಿಯ ಬೆಳ್ಳಗಾಗುವ ಕ್ರೀಮು ಹಚ್ಚಬೇಡಿ. ಆದರೆ ಯಾವುದಾದರೂ ಒಂದು ಬೇಗ ಬೇಗ ಬೆಳೆದರೆ, ತಾನಾಗಿ ರಕ್ತ ಬಂದರೆ, ಉಳಿದವಕ್ಕಿಂತ ಬೇರೆ ಕಂಡರೆ, ಬಂದು ತೋರಿಸಬೇಕು. "ನಿಮ್ಮ ಸೊಸಿ ಓದಿದ್ದು ತಪ್ಪಲ್ಲ. ನೀವು ಅಂಜಿ ಮುಚ್ಚಿಟ್ಟದ್ದು ತಪ್ಪು" ಅಂದರು. ಕುದುರೆ ಕೂದಲು, ಸುಣ್ಣ-ಸೋಡಾದ ಕಥೆ ಹೇಳಿದೆ. ಎರಡಕ್ಕೂ ಕೈ ಮುಗಿದರು.

"ಮನಿತನದಾಗ ಬರತೈತಿ ಇದು" ಅಂದರು.

"ಹೌದ್ರಿ. ನಮ್ಮತ್ತಿಗೆ ಮಾರಿ ತುಂಬ ಅದಾವ. ಅವರಿಂದಾನ ನನಗ ಬಂದದ್ದು."

"ಅತ್ತಿಯಿಂದ ಹ್ಯಾಂಗ ಬರತೈತಿ ಮಾವಶಿ? ರಕ್ತ ಸಂಬಂಧ ಬೇಕು. ನಿಮ್ಮ ತಾಯಿಗೆ ಇದ್ದೂ ಏನು?"

ಇಲ್ರಿ ಅನ್ನಲಿಕ್ಕೆ ಬಾಯಿ ತೆಗೆದೆ. ಅವ್ವ ಹೋಗಿ ಬಹಳ ಕಾಲವಾಯಿತು. ಅವ್ವನ ಮುಖ ಅಂದರೆ ನನಗೆ ಒಲೆಯ ಮುಂದಿನ ಮುಖ. ಊದುಗೊಳವೆ ಊದಿ ಊದಿ ಮಸಿಯಾದ ಕೆನ್ನೆ. ಕಣ್ಣಿನ ಕೆಳಗೆ ಕರೀ ಚುಕ್ಕೆಗಳು. ನಾನು ಸಣ್ಣವಳಿದ್ದಾಗ ಅವಳ ಸೆರಗಿನ ತುದಿ ಎಂಜಲು ಮಾಡಿ ಅವನ್ನು ಒರೆಸುತ್ತಿದ್ದೆ. ಮಸಿ ಹೋಗುತ್ತಿತ್ತು, ಚುಕ್ಕೆ ಹೋಗುತ್ತಿರಲಿಲ್ಲ. ಇನ್ನೂ ಜೋರಾಗಿ ಉಜ್ಜುತ್ತಿದ್ದೆ. "ಬಿಡವಾ, ಅದ ಹೋಗೂ ಮಸಿ ಅಲ್ಲ" ಅನ್ನುತ್ತಿದ್ದಳು ಅವ್ವ. ಇಷ್ಟು ವರ್ಷ ಅದನ್ನು ನಾನು ಮಸಿ ಅಂತಲೇ ತಿಳಿದಿದ್ದೆ.

"ಇದ್ದೂ ರಿ," ಅಂದೆ.

ಅಶ್ವಿನಿಗೆ ಹುರುಪು ಬಂದಿತ್ತು. ಬಂದದ್ದು ಬಂದಿದ್ದೇವೆ, ಎಲ್ಲ ತೆಗೆಸಿಬಿಡ್ರಿ ಆಯಿ ಅಂದಳು. ನಾನು ಕೆನ್ನೆಗೆ ಕೈ ಅಡ್ಡ ಇಟ್ಟೆ. ಕೆನ್ನೆಯವು ಇರಲಿ, ಅವು ನಮ್ಮವ್ವನವು. ಚಾಳೀಸಿನ ದಾಂಡಿಗೆ ತಗಲುವುದು ಒಂದನ್ನು ಮಾತ್ರ ತೆಗೀರಿ ಅಂದೆ. ಡಾಕ್ಟರು ಅದೇ ಸರಿ ಅಂದರು. ನಮ್ಮ ಬಣ್ಣದ ಚರ್ಮವನ್ನು ಹೆಚ್ಚು ಆಳಕ್ಕೆ ಸುಟ್ಟರೆ ಕಲೆ ಉಳಿಯುತ್ತದಂತೆ, ಸೋದರತ್ತೆಯ ಕೆನ್ನೆಯ ಹಾಗೆ. ಜೋಮು ಹಿಡಿಸುವ ಮುಲಾಮು ಹಚ್ಚಿ ಹೊರಗೆ ಕೂಡಿಸಿದರು. ಆಮೇಲೆ ಕರೆಂಟಿನ ಸೂಜಿಯಂಥದರಿಂದ ಚಿಟ್ ಚಿಟ್ ಅನ್ನಿಸಿ ಮುಗಿಸಿದರು. ಇರುವೆ ಕಡಿದಷ್ಟು ನೋವು. ಶೇಂಗಾ ಹುರಿಯುವಾಗ ಸಿಪ್ಪೆ ಹೊತ್ತಿದ ವಾಸನೆ. ಇಷ್ಟಕ್ಕೆ ನಾನು ದೇವರ ಜೊತೆ ಕರಾರು ಮಾಡಿಕೊಂಡಿದ್ದೆ.

ಹಕ್ಕಳೆ ತಾನಾಗಿ ಬೀಳಬೇಕು, ಕೆರೆಯಬಾರದು, ಬಿಸಿಲಿಗೆ ಸೆರಗು ಹೊದೆಯಬೇಕು. "ಮತ್ತ ಮಾಯೂತನಕ ಅಲ್ಲಿ ಅರಿಷಿಣ ಬ್ಯಾಡ. ದೇವರದೂ ಬ್ಯಾಡ" ಅಂದರು, ನನ್ನ ಮುಖ ನೋಡಿ.

ಮನೆಗೆ ಬಂದಾಗ ನಮ್ಮವರು ಕಟ್ಟೆಯ ಮೇಲೆ ನಿಂತಿದ್ದರು. ಅಶ್ವಿನಿ ದೂರದಿಂದಲೇ ಕೈ ಬೀಸಿ ಏನೂ ಇಲ್ಲ ಅಂದಳು. ಅವರು ಚಪ್ಪಲಿ ಮೆಟ್ಟಿ ಗಿರಣಿಗೆ ಹೋದರು. ಸ್ವಲ್ಪ ಹೊತ್ತಿಗೆ ಗಿರಣಿ ಶುರುವಾದ ಸದ್ದು ಕೇಳಿಸಿತು. ನಮ್ಮವರು ಹಾಡುವುದು ಹಾಗೆ.

ಒಳಗೆ ಅತ್ತೆ ಕಾಯುತ್ತಿದ್ದರು. "ಏನ ಇತ್ತಂತ?"

"ಭಂಡಾರ ಇತ್ತಂತರಿ, ಅತ್ತಿ. ಎಳ್ಳಿನೊಳಗ ಭಂಡಾರ ಹೋಗಿ ಕುಂತಿತ್ತಂತ."

ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ. "ಅಷ್ಟ ತಿಳ್ಯಾಕ ಸೊಲ್ಲಾಪುರಕ್ಕ ಹೋಗಬೇಕಿತ್ತೇನ? ಬೀರಪ್ಪ ಅಲ್ಲೇ ಕುಂತಿದ್ದ. ನೀನ ರೋಗ ಅಂದಿ."

ಎಳ್ಳು ಅತ್ತೆಯಿಂದ ಬಂದದ್ದಲ್ಲ, ನಮ್ಮವ್ವನಿಂದ ಬಂದದ್ದು ಅನ್ನುವ ಮಾತನ್ನು ಮಾತ್ರ ನಾನು ಅವರಿಗೆ ಇನ್ನೂ ಹೇಳಿಲ್ಲ. ಅವತ್ತು ಸಕ್ಕರೆ ಹಂಚಿದ್ದಾರೆ, ವಾಪಸು ತರುವುದು ಹೇಗೆ? ಆ ಸಂಜೆ ದೀಪ ಹಚ್ಚಿ ಕೂತಾಗ ಇನ್ನೊಂದು ಹೊಳೆಯಿತು. ನಾನು ದಿನಾ ದೇವರು ಕೊಟ್ಟದ್ದನ್ನಷ್ಟೇ ಹೇಳಿ ಕೈ ಮುಗಿಯುತ್ತಿದ್ದೆ. ಕೊಡದೆ ಬಿಟ್ಟದ್ದನ್ನು, ಈ ರೋಗದಂಥದನ್ನು, ಹೇಳಿಯೇ ಇರಲಿಲ್ಲ. ಅದರ ಸಾಲು ಎಷ್ಟು ಉದ್ದವೋ.

ಹಕ್ಕಳೆ ಬಿದ್ದು, ಅಲ್ಲಿ ಈಗ ಎಳೇ ಮಾವಿನ ಚಿಗುರಿನ ಬಣ್ಣದ ಒಂದು ಜಾಗ ಇದೆ. ಅದೂ ಮಾಸುತ್ತದಂತೆ. ಭಂಡಾರವನ್ನು ಈಗ ಹಣೆಯ ನಡುವೆ ಮಾತ್ರ, ಚಿಟಿಕೆಯಷ್ಟೇ ಇಡುತ್ತೇನೆ. ಅತ್ತೆ ಉಪ್ಪಿನಕಾಯಿ ಅನ್ನುತ್ತಾರೆ, ಅನ್ನಲಿ.

ಬೇಳೆ ಇನ್ನೂ ಹಾಗೇ ಬಿದ್ದಿದೆ. ಬರೆಯುತ್ತ ಕೂತದ್ದರಲ್ಲಿ ಸ್ವರಾಳನ್ನು ಮರೆತಿದ್ದೆ. ಸೊಲ್ಲಾಪುರದಿಂದ ಬಂದ ಸಂಜೆಯೇ ಮೂವತ್ತು ಹೇಳಿಕೊಟ್ಟೆ. ಅಲ್ಲಿಂದ ಓಡುತ್ತಲೇ ಇದ್ದಾಳೆ. ನನ್ನ ಮುಖದಲ್ಲಿ ಎಳ್ಳು ಸಾಲದೆ ಈಗ ಪಡಸಾಲೆಯಲ್ಲಿ ಅತ್ತೆಯ ತೊಡೆಯೇರಿ ಕೂತು, ಕೆನ್ನೆ, ಹಣೆ, ಕುತ್ತಿಗೆ ಎಲ್ಲ ತಿರುತಿರುಗಿ ಮುಟ್ಟುತ್ತ ಎಣಿಸುತ್ತಿದ್ದಾಳೆ. ಅತ್ತೆ ಕಣ್ಣು ಮುಚ್ಚಿ ಮುಖ ಒಡ್ಡಿಕೊಂಡು ಕೂತಿದ್ದಾರೆ. ದನಿ ಇಲ್ಲಿಯವರೆಗೂ ಬರುತ್ತಿದೆ.

"ಅಜ್ಜಿ," ಅಂತ ಅಲ್ಲಿಂದಲೇ ಕೂಗಿದಳು, "ತೊಂಬತ್ತೊಂಬತ್ತ ಆದ ಮ್ಯಾಲ ಏನ?"

ನನ್ನ ಬೆರಳು ಮತ್ತೆ ಕಣ್ಣಿನ ಪಕ್ಕಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ನೂರ," ಅಂದೆ, ಗಿರಣಿಯ ತನಕ ಕೇಳಿಸುವ ಹಾಗೆ.

"ನೂರ ಆದ ಮ್ಯಾಲ?"

"ನೂರಾ ಒಂದ, ಯವ್ವಾ. ಭಾಳ ಐತಿ ಇನ್ನ. ನಡಿ ಮುಂದ."